ಊಟಕ್ಕೆ ಕರೆಯದ ದೇಶದಲ್ಲಿ ನಮ್ಮ ಬ್ಯಾಂಡ್ ಸೆಟ್ಟು

ನಮ್ಮ ಬ್ಯಾಂಡ್ ಸೆಟ್ಟು ಸುಮ್ಮನೆ ಕೂತರೂ ಸುತ್ತ ಏನಾದರೊಂದು ಆಗಿಯೇ ಆಗುತ್ತದೆ. ಪತ್ತಿಕೊಂಡದಲ್ಲಿ ನಾವು ಚಹಾಕ್ಕೆ ನಿಂತರೆ ಎದುರಿಗಿದ್ದ ಎಮ್ಮೆ ಕರು ಹಾಕುತ್ತದೆ. ನಾಗಲದಿನ್ನೆಯ ಮದುವೆಯೊಂದರಲ್ಲಿ ಸಿಟ್ಟು ಮಾಡಿಕೊಂಡು ಬಸ್ಸು ಹತ್ತಿದ್ದ ಬೀಗರು ನನ್ನ ಕ್ಲಾರಿನೆಟ್ ಕೇಳಿ ಇಳಿದು ವಾಪಸ್ ಬಂದರು. ಬಸ್ಸು ಕೆಟ್ಟಿತ್ತು, ಅದಕ್ಕೇ ಇಳಿದರು ಅಂತ ನನಗಾಗದವರು ಹೇಳುತ್ತಾರೆ. ಹೇಳಲಿ. ಇಂಥ ನಮ್ಮನ್ನು ವಿಮಾನ ಹತ್ತಿಸಿ ಫಾರಿನ್ನಿಗೆ ಕಳಿಸಿದರೆ ಆ ದೇಶಗಳ ಗತಿ ಏನಾಗಬೇಡ?

ಕಳಿಸಿದ್ದು ಒಂದು ಟ್ರಾಫಿಕ್ ಜಾಮು. ಆಂಧ್ರದ ಗಡಿಯ ನಮ್ಮೂರು ಆದೋನಿಯ ಬಜಾರಿನಲ್ಲಿ ಮದುವೆ ಮೆರವಣಿಗೆ ನಡೆಸುತ್ತಿದ್ದೆವು. ಹಿಂದೆ ಸಿಕ್ಕಿಕೊಂಡ ಕಾರು, ಆಟೋ, ಹತ್ತಿ ತುಂಬಿದ ಲಾರಿಗಳೆಲ್ಲ ಹಾರ್ನ್ ಹೊಡೆದು ಹೊಡೆದು ಸುಸ್ತಾಗಿದ್ದವು. ಒಂದು ಕಾರಿನಿಂದ ಮಾತ್ರ ಒಬ್ಬ ಬಿಳಿಯ ಹೆಂಗಸು ಇಳಿದು, ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು, ಮದುವೆ ಮನೆಯ ಬಾಗಿಲ ತನಕ ನಮ್ಮ ಹಿಂದೆಯೇ ಬಂದಳು. ಮಂತ್ರಾಲಯ ನೋಡಲು ಹೊರಟಿದ್ದ ಆಕೆ ನಮ್ಮನ್ನು ನೋಡಿ ನಿಂತುಬಿಟ್ಟಿದ್ದಳು. ಆಕೆಗೆ ಹಿಂದಿ ಬರುತ್ತಿತ್ತು, ನಮಗೂ ಅಷ್ಟಿಷ್ಟು. ಬೇರೆ ಬೇರೆ ದೇಶದ ವಾದ್ಯದವರನ್ನು ಕರೆಸಿ ತನ್ನ ಕಡೆಯ ಊರೂರಲ್ಲಿ ಕಾರ್ಯಕ್ರಮ ಮಾಡಿಸುವುದೇ ಆಕೆಯ ಕೆಲಸವಂತೆ. ಮರುವರ್ಷ ನಾವು ಕೆಂಪು ಕೋಟು, ಜರಿಯ ಟೋಪಿ ಸಮೇತ ವಿಮಾನದಲ್ಲಿದ್ದೆವು. ಆಕೆಯನ್ನು ನಾವೆಲ್ಲ ಮೇಡಂ ಅನ್ನುತ್ತಿದ್ದೆವು.

ಸೆಟ್ಟಿನ ಯಜಮಾನರು ನನ್ನ ಅಕ್ಕನ ಗಂಡ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಮಾವ. ದೊಡ್ಡ ಡ್ರಮ್ಮು ಅವರದು. ಸಣ್ಣ ಡ್ರಮ್ಮಿನಂಥ ತಾಸೆ ಬಡಿಯುವವನು ನಾಗಲದಿನ್ನೆಯವನು. ಕನ್ನಡದಲ್ಲಿ ಎತ್ತಿದ ಮಾತನ್ನು ತೆಲುಗಿನಲ್ಲಿ ಇಳಿಸುವವನು. ಕ್ಲಾರಿನೆಟ್ ನನ್ನದು, ಅದರ ಬಗ್ಗೆ ನಾನೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ, ಆದರೂ ಆಗಾಗ ಹೇಳುತ್ತೇನೆ. ಉಳಿದವರೂ ಇದ್ದರು. ಆದರೆ ಅವರು ರಜಾ ದಿನಗಳಲ್ಲಿ ರೂಮಿನಲ್ಲಿ ಮಲಗಿ ಗೊರಕೆ ಹೊಡೆದರು. ದೇಶ ನೋಡಿದವರು ನಾವು ಮೂವರೇ. ಆದ್ದರಿಂದ ಈ ಕಥೆಯಲ್ಲಿ ಅವರಿಗೆ ಜಾಗವಿಲ್ಲ.

ಮೊದಲ ಪಂಕ್ತಿ

ನಮ್ಮ ಕಡೆ ಬ್ಯಾಂಡಿನವರು ತಾವಾಗಿ ಊಟಕ್ಕೆ ಹೋಗುವುದಿಲ್ಲ. ಮದುವೆ ಮನೆಯ ಹಿರಿಯರೊಬ್ಬರು ಹೊರಗೆ ಬಂದು "ಬರ್ರಪಾ, ಉಣ್ಣಾಕ ಬರ್ರಿ" ಅನ್ನಬೇಕು. ಅಲ್ಲಿಯ ತನಕ ಹೊಟ್ಟೆ ಎಷ್ಟೇ ಚುರುಗುಟ್ಟಲಿ, ಕಟ್ಟೆಯ ಮೇಲೆ ಕೂತೇ ಇರಬೇಕು. ಅದು ನಮ್ಮ ಮರ್ಯಾದೆ. ಮಾವ ಈ ವಿಷಯದಲ್ಲಿ ಬಹಳ ಖಡಕ್ಕು.

ಫ್ರಾನ್ಸಿನ ಲಿಯಾನ್ ಊರಲ್ಲಿ ಇಳಿದ ಮರುದಿನ ರಜಾ. ಬೆಳಿಗ್ಗೆ ಸ್ನಾನ ಮಾಡಿ, ಕೋಟು ಹಾಕಿಕೊಂಡು ಹೋಟೆಲಿನ ಹಜಾರದ ಸೋಫಾಗಳ ಮೇಲೆ ಕೂತೆವು. ಎದುರಿಗೇ ಊಟದ ಹಾಲ್. ಬಾಗಿಲು ತೆರೆದಿತ್ತು. ಒಳಗೆ ಬ್ರೆಡ್ಡು, ಮೊಟ್ಟೆ, ಹಣ್ಣು ಗುಡ್ಡೆಗುಡ್ಡೆ. ಜನ ನಮ್ಮ ಮುಂದೆಯೇ ಹೋಗಿ ತಟ್ಟೆ ತುಂಬಿಕೊಳ್ಳುತ್ತಿದ್ದರು.

"ಮಾವ, ಎಲ್ಲಾರೂ ಹೊಕ್ಕಾರ, ನಾವೂ ಹೋಗೂಣೇನ್ರಿ?" ಅಂದೆ.

"ಸುಮ್ನ ಕುಂದ್ರಲೇ ತಮ್ಮಾ. ಅವ್ರು ಬೀಗರ ಕಡಿಯವ್ರು ಇರ್ಬೇಕು. ಮೊದ್ಲ ಪಂಕ್ತಿ ಅವ್ರದು."

ತಾಸೆಯವ ಗೋಡೆಗೆ ಒರಗಿ, "ಮೊದಲ ಪಂಕ್ತಿ ಭಾಳ ಉದ್ದ ಐತಿ ಮಾವಾ, ಆಕಲಿ ಅವುತೋಂದಿ" ಅಂದ. ಹಸಿವಾದಾಗ ಅವನ ಬಾಯಲ್ಲಿ ಕನ್ನಡ ಬೇಗ ಮುಗಿಯುತ್ತದೆ.

ಬೀಗರು ತಿಂದರು, ಬೀಗರ ಬೀಗರು ತಿಂದರು. ಕೊನೆಗೆ ಏಪ್ರನ್ ಕಟ್ಟಿದ ಹುಡುಗಿಯರು ಬಂದು ತಟ್ಟೆಗಳನ್ನೆಲ್ಲ ಎತ್ತಿಕೊಂಡು ಬಾಗಿಲು ಹಾಕಿದರು. ಆಗ ಮೇಡಂ ಬಂದಳು. ವಿಷಯ ತಿಳಿದು ಆಕೆಯ ಮುಖ ನಮ್ಮ ಕೋಟಿನ ಬಣ್ಣಕ್ಕೆ ಬಂತು. "ಇಲ್ಲಿ ಯಾರೂ ಕರೆಯುವುದಿಲ್ಲ, ನೀವೇ ಹೋಗಿ ತಿನ್ನಬೇಕು" ಅಂದಳು.

ಮಾವನಿಗೆ ಇದು ದೊಡ್ಡ ಪೆಟ್ಟು. "ಇಷ್ಟ್ ದೊಡ್ಡ ದೇಶದಾಗ ಬಾ ಅನ್ನಾಕ ಒಬ್ಬ ಮನುಷ್ಯ ಇಲ್ಲೇನಮ್ಮಾ?" ಅಂದರು.

ಮರುದಿನದಿಂದ ನಾನೇ ಒಂದು ದಾರಿ ಹುಡುಕಿದೆ. ಎಲ್ಲರಿಗಿಂತ ಮೊದಲು ಕೋಟು ಹಾಕಿಕೊಂಡು ಹೋಗಿ ಊಟದ ಹಾಲಿನ ಬಾಗಿಲಲ್ಲಿ ನಿಂತು, ಎದೆ ಮೇಲೆ ಕೈ ಇಟ್ಟು, "ಬರ್ರಿ ಮಾವ, ಉಣ್ಣಾಕ ಬರ್ರಿ" ಅನ್ನುವುದು. ಮಾವ ಸೋಫಾದಿಂದ ಎದ್ದು ಗಂಭೀರವಾಗಿ ಒಳಗೆ ಬರುವುದು. ತೊಂದರೆ ಅಂದರೆ, ಕೆಂಪು ಕೋಟು ನೋಡಿ ಉಳಿದ ಗಿರಾಕಿಗಳು ನನ್ನನ್ನು ಹೋಟೆಲಿನವನೇ ಅಂದುಕೊಂಡರು. ಒಬ್ಬಾಕೆ ಮೊಟ್ಟೆ ಕೇಳಿದಳು, ತಂದುಕೊಟ್ಟೆ. ಇನ್ನೊಬ್ಬ ಕಾಫಿ ಕೇಳಿದ, ಕೊಟ್ಟೆ. ವಯಸ್ಸಾದ ದಂಪತಿ ಹೋಗುವಾಗ ನನ್ನ ಕೈ ಕುಲುಕಿ ಹೋದರು. ಫ್ರಾನ್ಸಿನಲ್ಲಿ ಹೋಟೆಲು ನಡೆಸಿದ ಆದೋನಿಯವರು ಯಾರಾದರೂ ಇದ್ದರೆ ತೋರಿಸಿ ನೋಡೋಣ.

ಎದ್ದು ನಿಂತ ಜನ

ಅದೇ ಊರಲ್ಲಿ ಮೊದಲ ಕಾರ್ಯಕ್ರಮ. ದೊಡ್ಡ ಹಾಲ್, ಕೆಂಪು ಕುರ್ಚಿಗಳು, ಕತ್ತಲಲ್ಲಿ ಸಾಲು ಸಾಲು ಜನ. ನಾವು ಜೀವ ಬಿಟ್ಟು ನುಡಿಸಿದೆವು. ಯಾರೂ ಎದ್ದು ಕುಣಿಯಲಿಲ್ಲ. ಸಿಳ್ಳೆ ಇಲ್ಲ, ಟವೆಲ್ ಬೀಸುವವರಿಲ್ಲ, ಬಾಯಲ್ಲಿ ನೋಟು ಕಚ್ಚಿಕೊಂಡು ಮಂಡಿಯೂರಿ ಬರುವ ಸೋದರಮಾವನಿಲ್ಲ. ಎಲ್ಲರೂ ಮಡಿಲಲ್ಲಿ ಕೈ ಇಟ್ಟುಕೊಂಡು, ಡಾಕ್ಟರು ರಿಪೋರ್ಟ್ ಓದುವುದನ್ನು ಕೇಳುವವರ ಹಾಗೆ ಕೂತಿದ್ದರು. ಮುಗಿದ ಮೇಲೆ ಇಡೀ ಹಾಲು ಎದ್ದು ನಿಂತಿತು.

"ನೋಡಲೇ, ಎದ್ದು ಹೊಂಟ್ರು" ಅಂದರು ಮಾವ.

"ಇಲ್ರಿ ಮಾವ, ಚಪ್ಪಾಳಿ ಹೊಡಿಯಾಕ ಎದ್ದಾರ. ಮರ್ಯಾದಿ ಅದು."

"ಎಂಥಾ ಮರ್ಯಾದಿಯೋ. ಒಬ್ರ ಕಾಲಾದ್ರೂ ಅಲ್ಲಾಡಬೇಕಿಲ್ಲ?"

ಇದನ್ನು ನಗುತ್ತಾ ಹೇಳಲಿಲ್ಲ ಅವರು. ಕಾರಣ ನನಗೆ ಗೊತ್ತಿತ್ತು. ಊರ ಕಡೆ ಈಗ ಮದುವೆಗಳೆಲ್ಲ ಡಿಜೆ ಪಾಲು. ಹೋದ ಬೇಸಿಗೆಯಲ್ಲಿ ಪತ್ತಿಕೊಂಡದ ಹುಡುಗನೊಬ್ಬ, "ತಾತಾ, ಎರಡು ಹಾಡು ನುಡ್ಸಿ ಉಂಡು ಹೋಗ್ರಿ, ಆಮ್ಯಾಲೆ ಬಾಕ್ಸ್ ಹಚ್ತೀವಿ" ಅಂದಿದ್ದ. ಅವತ್ತು ಮಾವ ಎರಡು ಹಾಡು ನುಡಿಸಿದರು, ಉಣ್ಣಲಿಲ್ಲ. ಫಾರಿನ್ನಿನ ಕರೆ ಬಂದಾಗ ಅವರ ಆಸೆಯೆಲ್ಲ ಇಲ್ಲಿಗೆ ಬಂದು ನಿಂತಿತ್ತು. ಇಲ್ಲಿ ನೋಡಿದರೆ ಕಾಲೇ ಅಲ್ಲಾಡಿಸದ ಜನ.

ರೂಮಿಗೆ ಹೋದವರೇ ಅಕ್ಕನಿಗೆ ವಿಡಿಯೋ ಕಾಲ್ ಹಚ್ಚಿದರು. "ಊರಿಗೆ ಬಂದ ಮ್ಯಾಲೆ ಡ್ರಮ್ಮು ಕೆಳಗ ಇಡಾದೇ. ಬಜ್ಜಿ ಬಂಡಿ ಹಾಕೂಣು. ಒಂದು ದೊಡ್ಡ ಬಾಣಲಿ ನೋಡಿಡು."

ಅಕ್ಕ ಬಹಳ ವಿಚಾರ ಮಾಡುವವಳಲ್ಲ. "ಆತು, ನಾಳೆ ತರ್ತೀನಿ. ಮೆಣಸಿನಕಾಯಿ ನೀವು ಸೀಳ್ತೀರಿ ಏನು?" ಅಂದಳು.

ಮಾವ ಡ್ರಮ್ಮು ಇಟ್ಟರೆ ನಮ್ಮ ಸೆಟ್ಟು ಮುಗಿಯಿತು. ಕ್ಲಾರಿನೆಟ್ ಎಷ್ಟೇ ಊದಲಿ, ಆ ದೊಡ್ಡ ಡ್ರಮ್ಮು ಗುಮ್ಮೆನ್ನದೆ ಇದ್ದರೆ ಮೆರವಣಿಗೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ತಾಸೆಯವನೂ ನಾನೂ ಮಾತಾಡಿಕೊಂಡೆವು: ರಜಾ ದಿನಗಳಲ್ಲಿ ಮಾವನನ್ನು ಊರು ತಿರುಗಿಸಿ ಹೇಗಾದರೂ ಖುಷಿಪಡಿಸಬೇಕು, ಬಾಣಲೆ ಮರೆಸಬೇಕು. ಆ ಕೆಲಸಕ್ಕೆ ನನಗಿಂತ ತಕ್ಕವನು ಇಲ್ಲ ಅಂತ ನಾನೇ ಸೂಚಿಸಿ ನಾನೇ ಒಪ್ಪಿಕೊಂಡೆ.

ವಾಲು ತಿರುಗಿಸಿದವರು

ಜಿನೀವಾದಲ್ಲಿ ಕೆರೆಯ ನಡುವಿಂದ ಒಂದು ಕಾರಂಜಿ ಆಕಾಶಕ್ಕೆ ಹಾರುತ್ತದೆ. ನಮ್ಮ ಆದೋನಿ ಕೋಟೆಯ ಗುಡ್ಡದಷ್ಟು ಎತ್ತರ ಅಂತ ಬರೆದರೆ ನೀವು ನಂಬುವುದಿಲ್ಲ, ಆದ್ದರಿಂದ ಅರ್ಧ ಗುಡ್ಡ ಅಂತ ಬರೆಯುತ್ತೇನೆ. ಅದನ್ನು ನೋಡಲು ದೇಶದೇಶದ ಜನ ಬರುತ್ತಾರೆ. ನಾನು ಮಾವನನ್ನು ದಂಡೆಗೆ ಕರೆದೊಯ್ದು, "ನೋಡ್ರಿ ಮಾವ!" ಅಂದೆ.

ಮಾವ ನೋಡಿದರು. ಮುಖ ಬಿಳಿಚಿಕೊಂಡಿತು.

"ಲೇ, ಪೈಪು ಒಡದೈತಿ!"

"ಇಲ್ರಿ ಮಾವ, ಬೇಕಂತನ ಬಿಟ್ಟಾರ. ಚಂದಕ್ಕ."

"ಚಂದಕ್ಕಾ? ನಿಮ್ಮಕ್ಕ ನಳದ ಮುಂದ ಎಷ್ಟು ಜಗಳಾ ಮಾಡಿ ನೀರು ತರ್ತಾಳ ಗೊತ್ತೈತೇನು? ಬೇಕಂತ ಬಿಟ್ಟಾರಂತ!"

ಅಲ್ಲಿ ಕ್ಯಾಪು ಹಾಕಿಕೊಂಡು ನಿಂತಿದ್ದ ಒಬ್ಬನ ಬಳಿಗೆ ಮಾವ ನೆಟ್ಟಗೆ ಹೋದರು. ಅವನು ದೋಣಿಯ ಟಿಕೆಟು ಕೊಡುವವನು. ಮಾವ ನೀರಿನ ಕಡೆ ಬೆರಳು ತೋರಿಸಿ, ಗಾಳಿಯಲ್ಲಿ ನೀರಿನ ಪೈಪಿನ ದೊಡ್ಡ ವಾಲು ತಿರುಗಿಸುವ ಹಾಗೆ ಎರಡೂ ಕೈ ತಿರುಗಿಸಿ, "ಬಂದ್ ಮಾಡ್ರಿ, ಬಂದ್!" ಅಂದರು. ಅವನು ನಕ್ಕು ತಲೆಯಾಡಿಸಿದ. ನಾನು ಮಾವನ ಕೋಟು ಹಿಡಿದು ಎಳೆಯುತ್ತಿದ್ದೆ. ಅಷ್ಟರಲ್ಲಿ ಕೆರೆಯ ಮೇಲಿಂದ ಜೋರು ಗಾಳಿ ಎದ್ದಿತು. ಗಾಳಿ ಎದ್ದಾಗ ಜನರ ಮೇಲೆ ನೀರು ಬೀಳದಿರಲಿ ಅಂತ ಆ ಕಾರಂಜಿಯನ್ನು ನಿಲ್ಲಿಸುತ್ತಾರಂತೆ; ಅದು ನಮಗೆ ಮೇಡಂ ಹೇಳಿ ಗೊತ್ತಾದದ್ದು ಸಂಜೆಗೆ. ಆಗ ನಾವು ಕಂಡದ್ದು ಇಷ್ಟೇ: ಮಾವ ಕೈ ತಿರುಗಿಸಿದರು, ಅರ್ಧ ಗುಡ್ಡದ ನೀರು ಕುಸಿದು ಕೆರೆಯೊಳಗೆ ಬಿತ್ತು.

ದಂಡೆಯ ಮೇಲಿದ್ದ ಜನರೆಲ್ಲ "ಓ..." ಅಂದರು. ಮಾವ ಟಿಕೆಟಿನವನಿಗೆ ಕೈ ಮುಗಿದು ನನ್ನ ಕಡೆ ತಿರುಗಿದರು.

"ನೋಡಿದೇನು? ಹೇಳೋರಿರ್ಲಿಲ್ಲ, ಅಷ್ಟ. ಪಾಪ, ಒಳ್ಳೆ ಜನ."

ಡ್ರಮ್ಮಿಗೆ ಕಾವು

ಬ್ರಸೆಲ್ಸ್‌ನಲ್ಲಿ ಮಳೆ. ರಜಾ ದಿನ ಬೆಳಗಿನಿಂದ ಸುರಿಯುತ್ತಿತ್ತು. ಮಾವನ ಡ್ರಮ್ಮಿಗೂ ತಾಸೆಗೂ ಇನ್ನೂ ಚರ್ಮವೇ. ತಂಪಿಗೆ ಚರ್ಮ ಸಡಿಲಾಗಿ, ಬಡಿದರೆ ಒದ್ದೆ ಗೋಣಿಚೀಲಕ್ಕೆ ಒದ್ದ ಹಾಗೆ ಸದ್ದು. ಊರಲ್ಲಾದರೆ ಬಿಸಿಲಿಗೆ ಇಟ್ಟರಾಯಿತು, ಇಲ್ಲವೇ ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ ಕಾಸಿದರಾಯಿತು. ಮಾವ ಕಿಟಕಿಯಲ್ಲಿ ನಿಂತು ಬಿಸಿಲು ಹುಡುಕಿದರು. ಇರಲಿಲ್ಲ. ಹುಲ್ಲೂ ಇರಲಿಲ್ಲ. ಮೇಜಿನ ಮೇಲೆ ಹೋಟೆಲಿನವರು ಇಟ್ಟ ಪೇಪರು ಇತ್ತು.

ಸ್ನಾನದ ಮನೆಯ ಕಲ್ಲುಹಾಸಿನ ಮೇಲೆ, ಯಾರಿಗೂ ತೊಂದರೆ ಆಗದ ಹಾಗೆ, ತಾಸೆಯವ ಪೇಪರಿಗೆ ಕಡ್ಡಿ ಗೀರಿದ. ಮಾವ ಡ್ರಮ್ಮನ್ನು ಕೂಸನ್ನು ಹೊಗೆಗೆ ಹಿಡಿದಂತೆ ಹಿಡಿದರು. ನಾನು ಮೇಲ್ವಿಚಾರಣೆ. ಇನ್ನೇನು ಚರ್ಮ ಬಿಗಿಯಾಗಬೇಕು, ಇಡೀ ಹೋಟೆಲು ಕುಂಯ್ಯೋ ಅಂತ ಕೂಗಿಕೊಂಡಿತು. ಮೇಲಿಂದ ನೀರು ಬೇರೆ ಸುರಿಯಿತು. ಬಿಗಿಯಾಗುತ್ತಿದ್ದ ಚರ್ಮ ಮತ್ತೆ ಗೋಣಿಚೀಲವಾಯಿತು.

ಕಾರಿಡಾರಿನಲ್ಲಿ ಜನ ಓಡುತ್ತಿದ್ದರು. ನಾವೂ ಡ್ರಮ್ಮು, ತಾಸೆ ಎತ್ತಿಕೊಂಡು ಮೆಟ್ಟಿಲಿಳಿದು ಬೀದಿಗೆ ಬಂದೆವು. ಎಲ್ಲಾ ರೂಮಿನವರೂ ಅಲ್ಲಿದ್ದರು. ಟವೆಲ್ ಸುತ್ತಿಕೊಂಡವರು, ಗಡ್ಡಕ್ಕೆ ಸೋಪು ಹಚ್ಚಿಕೊಂಡವರು, ಒಂದೇ ಕಾಲಿಗೆ ಬೂಟು ಹಾಕಿದವರು. ಚಳಿಗೆ ಎಲ್ಲರೂ ಕಾಲು ಕುಣಿಸುತ್ತಿದ್ದರು. ಮೇಡಂ ತಲೆ ಮೇಲೆ ಕೈ ಹೊತ್ತು ನಿಂತಿದ್ದಳು.

ಮಾವ ಒದ್ದೆ ಡ್ರಮ್ಮನ್ನು ಹೆಗಲಿಗೆ ಹಾಕಿಕೊಂಡು ಆ ಜನವನ್ನು ಒಂದು ಸುತ್ತು ನೋಡಿ ನನ್ನ ಕಿವಿಯಲ್ಲಿ ಹೇಳಿದರು: "ಇಲ್ಲಿಗೆ ಬಂದ ಮ್ಯಾಲೆ ಇವತ್ತು ಒಂದಿನ ಜನ ಕಾಲು ಅಲ್ಲಾಡ್ಸಿದ್ರು ನೋಡು. ಅದೂ ಬಡೀಲಾರದ ಡ್ರಮ್ಮಿಗೆ."

ಅವತ್ತಿನಿಂದ ಮೇಡಂದು ಒಂದೇ ಕಟ್ಟುನಿಟ್ಟು: ಬೆಂಕಿ ಪೆಟ್ಟಿಗೆ ಆಕೆಯ ಕೈಗೆ, ಚರ್ಮದ ವಾದ್ಯಗಳು ಬಿಸಿಲಿಗೆ. ಎಲ್ಲಿಗೆ ಹೋದರೂ ಬಿಸಿಲು ಕಂಡಲ್ಲಿ ಇಟ್ಟುಕೊಳ್ಳಲು ಡ್ರಮ್ಮೂ ತಾಸೆಯೂ ನಮ್ಮ ಜೊತೆ ಊರು ನೋಡಲು ಹೊರಟವು. ಅವೆರಡು ಹೊರಟ ಮೇಲೆ ಕ್ಲಾರಿನೆಟ್ಟನ್ನು ಒಂಟಿಯಾಗಿ ಬಿಡುವುದು ಹೇಗೆ? ಅದೂ ಬಂತು.

ಕೈಕೊಟ್ಟ ಬ್ಯಾಂಡು

ಕೊನೆಯ ರಜಾ ದಿನ ಲಿಸ್ಬನ್ನಿನಲ್ಲಿ. ನಮ್ಮೂರ ಹಾಗೇ ಗುಡ್ಡದ ಊರು, ನಮ್ಮೂರ ಹಾಗೇ ಬಿಸಿಲು. ಬೆಳಿಗ್ಗೆ ಅಕ್ಕ ಫೋನಿನಲ್ಲಿ ಹೊಸ ಬಾಣಲೆ ತೋರಿಸಿದ್ದಳು. ಮಾವ "ಛಲೋ ಐತಿ" ಅಂದಿದ್ದರು, ಸತ್ತ ದನಿಯಲ್ಲಿ. ನಾಳೆ ಕಾರ್ಯಕ್ರಮ, ನಾಡಿದ್ದು ವಿಮಾನ. ನನ್ನ ಬುದ್ಧಿವಂತಿಕೆಯೆಲ್ಲ ಖರ್ಚಾಗಿತ್ತು.

ಒಂದು ದೊಡ್ಡ ಸರಕಾರಿ ಕಟ್ಟಡದ ಎದುರಿನ ಕಟ್ಟೆಯ ಮೇಲೆ ಡ್ರಮ್ಮು ಬಿಸಿಲಿಗಿಟ್ಟು ಕೂತಿದ್ದೆವು. ಕಟ್ಟಡದ ಬಾಗಿಲು ತೆರೆಯಿತು. ಬಿಳಿ ಬಟ್ಟೆಯ ಮದುಮಗಳು, ಪಕ್ಕದಲ್ಲಿ ಮದುಮಗ, ಹಿಂದೆ ಬೆರಳೆಣಿಕೆಯ ಜನ, ಕೋಲೂರಿಕೊಂಡ ಒಬ್ಬ ಅಜ್ಜಿ. ಅಜ್ಜಿಯ ಮುಖ ಗಂಟು. ಮೆಟ್ಟಿಲ ಕೆಳಗೆ ಹೂವು ಕಟ್ಟಿದ ಒಂದು ಕಾರು. ಯಾರೂ ಮಾತಾಡುತ್ತಿರಲಿಲ್ಲ.

ಮಾವ ಎದ್ದು ನಿಂತರು. "ಲೇ, ಮದುವಿ! ಬ್ಯಾಂಡ್ ಎಲ್ಲೈತಿ?"

ಬೀದಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಆಮೇಲೆ ಅವರ ಮುಖದಲ್ಲಿ ಸಿಟ್ಟು ಏರತೊಡಗಿತು.

"ಗೊತ್ತಾತು. ಯಾವನೋ ಕೈಕೊಟ್ಟಾನ. ಮದುವಿ ಒಪ್ಕೊಂಡು ಇನ್ನೊಂದು ಕಡಿ ಹೋಗ್ಯಾನ. ಆ ಮುದುಕಿ ಮಾರಿ ನೋಡು, ಎಷ್ಟು ನೊಂದೈತಿ!"

"ಮಾವ, ಇಲ್ಲಿ ಮದುವಿಗೆ ಬ್ಯಾಂಡ್ ಇರ್ತೈತೋ ಇಲ್ಲೋ..."

"ಬ್ಯಾಂಡ್ ಇಲ್ಲದ ಮದುವಿ ಅಂದ್ರ ಏನಲೇ? ಯಾವ ದೇಶದವನಾದ್ರೂ ಕೈಕೊಟ್ಟಾಂವ ಬ್ಯಾಂಡಿನವನು. ಅದ್ರಿಂದ ಮರ್ಯಾದಿ ಹೋಗಾದು ನಮ್ದೂ. ಏಳ್ರಿ!"

"ಪದಂಡಿ ಮಾವಾ!" ಅಂತ ತಾಸೆಯವ ಆಗಲೇ ಬಡಿಯುವ ಕಡ್ಡಿ ತೆಗೆದಿದ್ದ.

ಬಿಸಿಲಿಗೆ ಕಾದ ಚರ್ಮ. ಮಾವ ಮೊದಲ ಪೆಟ್ಟು ಹಾಕಿದಾಗ ಆ ಕಟ್ಟಡದ ಪಾರಿವಾಳಗಳೆಲ್ಲ ಎದ್ದವು. ನಾನು ಊದಿದ್ದು ನಮ್ಮ ಬಜಾರಿನ ಮೆರವಣಿಗೆಯದೇ ಧಾಟಿ. ಮದುಮಗಳು ಎದೆ ಹಿಡಿದುಕೊಂಡು ನಿಂತಳು. ಮದುಮಗ ಬಾಯಿ ತೆರೆದ. ಮೆಟ್ಟಿಲ ಮೇಲೆ ಒಂದು ಗಳಿಗೆ ಯಾರೂ ಅಲ್ಲಾಡಲಿಲ್ಲ, ನನಗೆ ಲಿಯಾನಿನ ಕೆಂಪು ಕುರ್ಚಿಗಳು ನೆನಪಾಗಿ ಉಸಿರು ತಪ್ಪಿತು. ಆಗ ಅಜ್ಜಿ ತನ್ನ ಕೋಲನ್ನು ಪಕ್ಕದವನ ಕೈಗೆ ಕೊಟ್ಟಳು. ಎರಡೂ ಕೈ ಮೇಲೆತ್ತಿದಳು. ಕುಣಿಯತೊಡಗಿದಳು.

ಇನ್ನು ಮಾವನನ್ನು ಹಿಡಿಯುವವರು ಯಾರು? ಮದುಮಕ್ಕಳು ಕಾರು ಹತ್ತಿದರು. ಅವರು ಬುರ್ರನೆ ಹೊರಟುಹೋಗುತ್ತಿದ್ದರೇನೋ. ಆದರೆ ಬ್ಯಾಂಡು ಹಿಡಿದ ಮದುವೆಯನ್ನು ಬಾಗಿಲು ಮುಟ್ಟಿಸದೆ ಬಿಡುವುದು ನಮ್ಮಲ್ಲಿಲ್ಲ. ಮಾವ ಕಾರಿನ ಮುಂದೆ ನಿಂತು, ಮದುಮಕ್ಕಳಿಗೆ ಬೆನ್ನು ಕೊಡಬಾರದು ಅಂತ ಹಿಮ್ಮುಖವಾಗಿ, ಆ ಇಳಿಜಾರಿನಲ್ಲಿ, ಡ್ರಮ್ಮು ಬಡಿಯುತ್ತ ಹೆಜ್ಜೆ ಹೆಜ್ಜೆಯಾಗಿ ನಡೆದರು. ಕಾರಿಗೆ ಮಾವನಷ್ಟೇ ವೇಗ. ಹಿಂದೆ ಇನ್ನೊಂದು ಕಾರು, ಅದರ ಹಿಂದೆ ಬಸ್ಸು, ಅದರ ಹಿಂದೆ ಹಳದಿ ಟ್ರಾಮು. ಎಲ್ಲವೂ ಹಾರ್ನ್ ಹೊಡೆದವು. ಎಷ್ಟು ದಿನದ ಮೇಲೆ ಕೇಳಿದ ಸದ್ದು! ಮಾವನಿಗೆ ಕಣ್ಣಲ್ಲಿ ನೀರು ಬಂತು.

ಪೊಲೀಸನೊಬ್ಬ ಓಡಿ ಬಂದ. ನನ್ನ ಊದು ನಿಲ್ಲುವುದರಲ್ಲಿತ್ತು. ಮಾವ ಮಾತ್ರ ಅವನಿಗೊಂದು ಸಲಾಮು ಹೊಡೆದು, "ಬಂದೋಬಸ್ತಿಗೆ ಬಂದಾರ. ನೀ ಊದು!" ಅಂದರು. ಪೊಲೀಸು ಕಾರಿನೊಳಗೆ ಬಗ್ಗಿ ನೋಡಿದ, ನಗುತ್ತಿದ್ದ ಮದುಮಗಳನ್ನು ನೋಡಿದ, ಹಿಂದೆ ಕುಣಿಯುತ್ತಿದ್ದ ಅಜ್ಜಿಯನ್ನು ನೋಡಿದ. ಟೋಪಿ ತೆಗೆದು ತಲೆ ಕೆರೆದ. ಮತ್ತೆ ಟೋಪಿ ಹಾಕಿಕೊಂಡು, ನಮ್ಮ ಮುಂದೆ ನಡೆದು ಮುಂದಿನ ಚೌಕದಲ್ಲಿ ಕೈ ಅಡ್ಡ ಹಿಡಿದು ಗಾಡಿಗಳನ್ನು ನಿಲ್ಲಿಸಿದ.

ಕಾಫಿ ಅಂಗಡಿಗಳಿಂದ ಜನ ಎದ್ದು ಬಂದರು. ಬೆರಳೆಣಿಕೆಯ ಮದುವೆ ಬೀದಿ ತುಂಬಿತು.

ಊಟದ ಹೋಟೆಲಿನ ಬಾಗಿಲಲ್ಲಿ ಮಾವ ಕೊನೆಯ ಪೆಟ್ಟು ಹಾಕಿ ಪಕ್ಕಕ್ಕೆ ಸರಿದರು. ಎಲ್ಲರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ನಾವು ಮೂವರು ಹೊರಗೆ ಬೆವರು ಒರೆಸಿಕೊಳ್ಳುತ್ತಾ ನಿಂತೆವು.

"ನಡೀರಿ ಮಾವ, ಹೋಗೂಣು" ಅಂದೆ. ನನಗೆ ಭಯವಾಗಿತ್ತು. ಕರೆಯದೆ ಬಂದವರು ನಾವು. ಈ ಬಾಗಿಲು ತೆರೆಯದಿದ್ದರೆ ಮಾವ ಆ ಬಾಣಲೆಯಿಂದ ಈಚೆ ಬರುವುದಿಲ್ಲ.

"ಇರಲೇ. ಮದುವಿ ಮಾಡ್ಸೀವಿ. ಕರೀತಾರ."

ಮಾವ ಹೋಟೆಲಿನ ಮೆಟ್ಟಿಲ ಮೇಲೆ, ಡ್ರಮ್ಮನ್ನು ಮಡಿಲಲ್ಲಿಟ್ಟುಕೊಂಡು, ನಮ್ಮೂರ ಕಟ್ಟೆಯ ಮೇಲೆ ಕೂತಂತೆ ಕೂತರು. ಒಳಗಿಂದ ತಟ್ಟೆಗಳ ಸದ್ದು, ನಗು. ತಾಸೆಯವ ಬೂಟಿನ ತುದಿ ನೋಡುತ್ತಿದ್ದ. ನಾನು ಎದ್ದು ಬಾಗಿಲಿಗೆ ಹೋಗಿ ನಾನೇ "ಬರ್ರಿ ಮಾವ" ಅಂದುಬಿಡಲೇ ಅಂತ ಕೂಡ ಯೋಚಿಸಿದೆ.

ಬಾಗಿಲು ತೆರೆಯಿತು. ಅಜ್ಜಿ. ಕೋಲಿನಿಂದ ಮೆಟ್ಟಿಲು ಕುಟ್ಟುತ್ತಾ ಬಂದು ಮಾವನ ತೋಳು ಹಿಡಿದು, ತನ್ನ ಭಾಷೆಯಲ್ಲಿ ಗದರಿಸತೊಡಗಿದಳು. ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಐದೂ ಬೆರಳು ಕೂಡಿಸಿ ಬಾಯಿಗೆ ಒಯ್ದು, ಒಳಗೆ ಕೈ ತೋರಿಸಿದಳು. ಅದು ನಮ್ಮ ನಾಗಲದಿನ್ನೆಯ ಯಾವ ಮುದುಕಿ ಮಾಡಿದರೂ ಹಾಗೇ ಇರುತ್ತದೆ.

ಮಾವ ಎದ್ದರು. ನನ್ನ ಕಡೆ ತಿರುಗಿ, "ಕೇಳಿದೇನು? ಉಣ್ಣಾಕ ಬರ್ರಿ ಅಂದ್ಲು" ಅಂದರು.

ಒಳಗೆ ಉಣ್ಣುತ್ತಿರುವಾಗ ನಮ್ಮನ್ನು ಹುಡುಕಿಕೊಂಡು ಮೇಡಂ ಬಂದಳು. ಆಕೆಯ ಟ್ಯಾಕ್ಸಿ ಆ ಟ್ರಾಮಿನ ಹಿಂದೆ ಸಿಕ್ಕಿಕೊಂಡಿತ್ತು. ಎಲ್ಲರ ಜೊತೆ ಮಾತಾಡಿ ಬಂದು ನನಗೊಬ್ಬನಿಗೇ ಸಣ್ಣ ದನಿಯಲ್ಲಿ ಹೇಳಿದಳು. ಮದುಮಗಳೇ ಸದ್ದು ಗದ್ದಲ ಬೇಡ ಅಂದಿದ್ದಳಂತೆ. ಇದೆಂಥ ಸಪ್ಪೆ ಮದುವೆ ಅಂತ ಅವಳ ಅಜ್ಜಿ ಎರಡು ವಾರದಿಂದ ಮೊಮ್ಮಗಳ ಜೊತೆ ಮಾತು ಬಿಟ್ಟಿದ್ದಳಂತೆ. ಈಗ ಅಜ್ಜಿ, ಯಾರಿಗೂ ಹೇಳದೆ ಗುಟ್ಟಾಗಿ ಇಂಡಿಯಾದಿಂದ ಬ್ಯಾಂಡು ತರಿಸಿದವನು ಮದುಮಗನೇ ಅಂದುಕೊಂಡು ಅವನ ಎರಡೂ ಕೆನ್ನೆಗೆ ಮುತ್ತು ಕೊಟ್ಟಿದ್ದಳು. ನಾನು ಅವನ ಕಡೆ ನೋಡಿದೆ. ಅವನು ತಟ್ಟೆಯಿಂದ ತಲೆಯೆತ್ತಿ ನನಗೊಂದು ಕಣ್ಣು ಹೊಡೆದು ಮೀನು ತಿನ್ನತೊಡಗಿದ. ಅಳಿಯಂದಿರು ಎಲ್ಲಾ ದೇಶದಲ್ಲೂ ಅಳಿಯಂದಿರೇ.

ಮಾವ ಮೇಡಂಗೆ ಹೇಳಿದರು: "ಕೇಳಮ್ಮಾ ಅವ್ರನ್ನ, ಕೈಕೊಟ್ಟ ಬ್ಯಾಂಡಿನವನು ಯಾರಂತ."

ಮೇಡಂ ನನ್ನ ಮುಖ ನೋಡಿದಳು, ಮಾವನ ಮುಖ ನೋಡಿದಳು. "ಅವನಿಗೆ ಜ್ವರವಂತೆ" ಅಂದಳು. ಅವತ್ತು ಆಕೆ ನಮ್ಮವಳಾದಳು.

ಹೊರಗೆ ಬಂದೊಡನೆ ಮಾವ ಅಕ್ಕನಿಗೆ ಫೋನ್ ಹಚ್ಚಿದರು. ಅಕ್ಕ ಬಾಣಲೆ ತೊಳೆಯುತ್ತಿದ್ದಳು.

"ಏಯ್, ಆ ಬಾಣಲಿ ಅಂಗಡಿಯವನಿಗೆ ವಾಪಸ್ ಕೊಡು."

"ಯಾಕ್ರಿ? ಡ್ರಮ್ಮು ಕೆಳಗ ಇಡ್ತೀನಿ ಅಂದಿದ್ರಲ್ಲ?"

"ಹೆಂಗ ಇಡ್ಲೇ?" ಮಾವ ದನಿ ತಗ್ಗಿಸಿದರು, ಲಿಸ್ಬನ್ನಿನವರು ಕೇಳಿಸಿಕೊಂಡು ನೊಂದಾರು ಅನ್ನುವ ಹಾಗೆ. "ಈ ದೇಶದ ಬ್ಯಾಂಡಿನವ್ರನ್ನ ನಂಬಂಗಿಲ್ಲ. ಸ್ವಲ್ಪ ಜ್ವರ ಬಂದ್ರ ಮದುವಿ ಬಿಟ್ಟು ಮಲಗ್ತಾರ. ನಾನೂ ಡ್ರಮ್ಮು ಇಟ್ರ ಪಾಪ, ಇವ್ರ ಮಕ್ಳು ಮರಿ ಮದುವಿ ಗತಿ ಏನು?"